ಲಾರಿಯ ಮುಂದೆ ನಿಂತ ಪೇಂಟರ್ ಮಾಮ

ಆ ಫೋಟೊವನ್ನು ನೀವೂ ನೋಡಿರಬಹುದು. ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಅದಿರು ಲಾರಿಗಳು ಸಾಲಾಗಿ ನಿಂತಿವೆ. ಮೊದಲ ಲಾರಿಗೆ ಎದುರಾಗಿ ಒಬ್ಬ ಮುದುಕ ನಿಂತಿದ್ದಾರೆ. ತಲೆಗೆ ಹಸಿರು ವಸ್ತ್ರ, ಕೊರಳಲ್ಲಿ ಕೆಂಪು ಹಳದಿ ದಾರದ ಹುರಿ, ಬಿಳಿ ಅಂಗಿ ಧೂಳು ಹಿಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಎರಡೂ ಅಂಗೈ ಬಿಚ್ಚಿ ಮೇಲೆ ಹಿಡಿದಿದ್ದಾರೆ. ಅವರ ಮೊಣಕಾಲಿನ ಹತ್ತಿರ ಚಿತ್ರ ಮುಗಿಯುತ್ತದೆ.

ಮೊದಲು ಅದು ಒಂದು ದಿನಪತ್ರಿಕೆಯಲ್ಲಿ ಬಂತು, ಆಮೇಲೆ ಎಲ್ಲರ ಫೋನಿಗೂ ಬಂತು. ಕೆಲವರು ಅದರ ಕೆಳಗೆ ಕವಿತೆ ಬರೆದರು. ಇನ್ನು ಕೆಲವರು, ಈ ಮನುಷ್ಯ ಆ ಊರಿನವನೇ ಅಲ್ಲ, ಗಲಾಟೆ ಮಾಡಿಸಲು ಹೊರಗಿನಿಂದ ಕರೆತಂದ ಸಾಬಿ, ಕೈ ಎತ್ತಿರುವುದನ್ನು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಬರೆದರು. ಎರಡು ಪಕ್ಷದವರಿಗೂ ಅವರ ಪರಿಚಯವಿರಲಿಲ್ಲ. ನನಗಿತ್ತು. ನಾನು ಅವರನ್ನು ಮಾಮ ಎನ್ನುತ್ತಿದ್ದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹಿಂದೊಮ್ಮೆ ಅವರ ಹೆಸರು, ಊರು, ಜಾತಿ ಎಲ್ಲವನ್ನೂ ಬರೆದವನು ನಾನೇ. ಅಷ್ಟು ಸಾಕು.

ಮಾಮ ರಕ್ತಸಂಬಂಧಿಯಲ್ಲ. ಹೊಸಪೇಟೆಯಲ್ಲಿ ನಮ್ಮ ಮನೆಯ ಹಿಂದೆ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜುಗಳಿದ್ದವು. ಅಲ್ಲಿ ಅವರು ಪೇಂಟರ್. ಲಾರಿಯ ಹಣೆಗೆ ಹೂಬಳ್ಳಿ, ಬಾಗಿಲಿಗೆ ನವಿಲು, ಹಿಂದೆ ಮಾಲೀಕರು ಹೇಳಿದ ಬರಹ. ಬ್ರಷ್ ಹಿಡಿದ ಕೈಯ ಹೆಬ್ಬೆರಳನ್ನು ಲುಂಗಿಯ ಒಂದೇ ಜಾಗಕ್ಕೆ ಒರೆಸಿಕೊಳ್ಳುತ್ತಿದ್ದರು. ಅದರಿಂದ ಅವರ ಎಲ್ಲ ಲುಂಗಿಗಳ ಬಲಗಡೆ ಬಣ್ಣಬಣ್ಣದ ಪಟ್ಟಿ ಇರುತ್ತಿತ್ತು. ಒಂದು ಅಕ್ಷರ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ಒಂದು ಕಣ್ಣು ಮುಚ್ಚಿ, ಆ ಅಕ್ಷರದ ಜೊತೆ ಜಗಳವಿದೆಯೇನೋ ಎನ್ನುವ ಹಾಗೆ ಅದನ್ನು ನೋಡುತ್ತಿದ್ದರು.

ಬರೆಯುವ ಮುಂಚೆ ಮಾಲೀಕರನ್ನು ಕೆಣಕುವ ಕೆಟ್ಟ ಚಟ ಅವರಿಗಿತ್ತು. ಒಬ್ಬ ಸಾಹುಕಾರ ಬಂದು, ಹಿಂದೆ ದೊಡ್ಡದಾಗಿ 'ತಾಯಿಯ ಆಶೀರ್ವಾದ' ಎಂದು ಬರೆ ಎಂದಿದ್ದು ನನಗೆ ನೆನಪಿದೆ.

"ಅವ್ವ ಎಲ್ಲಿ ಅದಾಳ್ರಿ ಸಾವ್ಕಾರ್ರೆ?"

"ಊರಾಗ."

"ಯಾರು ನೋಡ್ಕೊಂತಾರ?"

"ಅದನ್ನ ತಗೊಂಡು ನೀನೇನ್ ಮಾಡ್ತಿಯಲೇ? ಬರಿ ಅಂದ್ರ ಬರಿ."

"ಬರೀತೀನ್ರಿ. ನೀವೊಮ್ಮಿ ಹೋಗಿ ಅವ್ವನ್ನ ಮಾತಾಡಿಸ್ಕೊಂಡು ಬರ್ರಿ. ಅಷ್ಟ್ರಾಗ ಬಣ್ಣ ಕಲಸಿರ್ತೀನಿ."

ಸಾಹುಕಾರ ಬೈದು ಲಾರಿಯನ್ನು ಪಕ್ಕದ ಗ್ಯಾರೇಜಿಗೆ ಒಯ್ದ. ಮಾಮ ಬೀಡಿ ಹಚ್ಚಿ, "ಖರೇ ಅಲ್ಲದ್ದನ್ನ ಬರದ್ರ ಬಣ್ಣ ಹಿಡಿಯಂಗಿಲ್ಲಲೇ ಅಳಿಯಾ," ಎಂದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಮುಂದೆ ನಾನು ಹಿಡಿದ ಕೆಲಸಕ್ಕೂ ಈ ಮಾತಿಗೂ ನಂಟು ಹಾಕಿ ಒಂದೆರಡು ಕಡೆ ಭಾಷಣವನ್ನೂ ಮಾಡಿದ್ದೇನೆ. ಆದರೆ ಮಾಮ ಇದನ್ನು ನಿಜವಾಗಿ ಹೇಳಿದ್ದರೇ? ಅಥವಾ ಹೇಳಿದ್ದರೆ ಚೆನ್ನ ಎಂದು ನಾನೇ ಅವರ ಬಾಯಲ್ಲಿ ಇಟ್ಟೆನೇ? ಖಾತ್ರಿಯಿಲ್ಲ.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣವೂ ಮಾಮನೇ. ಹಾಸ್ಟೆಲಿಗೆ ಹೊರಟಾಗ ಅವರು ನನ್ನ ಟ್ರಂಕಿನ ಮೇಲೆ ಹಸಿರು ಬಣ್ಣದಲ್ಲಿ ಹೆಸರು ಬರೆದು, ಕೆಳಗೆ ಲಾರಿಯ ಹಣೆಯ ಮೇಲಿರುವಂಥ ಹೂವೊಂದನ್ನು ಬಿಡಿಸಿದ್ದರು. ಹುಡುಗರು ನಗುತ್ತಾರೆಂದು ನಾನು ಆ ಹೂವಿನ ಮೇಲೆ ಕಾಗದ ಅಂಟಿಸಿದ್ದೆ. ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವ ಹೇಳುವುದು ಬೇರೆ. ಹೂವೂ ಇರಲಿಲ್ಲ, ಹಸಿರೂ ಇರಲಿಲ್ಲ, ಬರೀ ಬಿಳಿ ಅಕ್ಷರ. ಟ್ರಂಕು ಯಾವತ್ತೋ ಗುಜರಿಗೆ ಹೋಯಿತು. ಹೀಗಾಗಿ ಸಾಕ್ಷಿ ಇಲ್ಲದ್ದನ್ನು ನೆನಪು ಎನ್ನದೆ ಹೇಳಿಕೆ ಎಂದು ಕರೆಯುವ ಅಭ್ಯಾಸ ಮಾಡಿಕೊಂಡೆ. ಹಂಪಿಯಲ್ಲಿ ಎಂ.ಎ. ಓದುವಾಗ ಆ ಅಭ್ಯಾಸ ಇನ್ನೂ ಗಟ್ಟಿಯಾಯಿತು.

ಮಾಮ ಒಮ್ಮೆ ಮೊಪೆಡ್ಡಿನಲ್ಲಿ ಹಂಪಿಗೆ ನನ್ನನ್ನು ನೋಡಲು ಬಂದರು. ದೇವಸ್ಥಾನದ ಮಂಟಪದಲ್ಲಿ ಕತ್ತೆತ್ತಿ ಛಾವಣಿಯ ಹಳೆಯ ಬಣ್ಣದ ಚಿತ್ರಗಳನ್ನು ನೋಡುತ್ತ, "ಬರದಾವ ತನ್ನ ಹೆಸರು ಯಾಕ ಹಾಕಿಲ್ಲಲೇ?" ಎಂದು ಕೇಳಿದರು. ನಾನು ಅಂದಿನ ಕಾಲದ ಕಲೆ, ಆಶ್ರಯ, ಸಾಮೂಹಿಕ ಶ್ರಮ ಎಂದೆಲ್ಲ ವಿವರಿಸತೊಡಗಿದೆ. ತಿರುಗಿ ನೋಡಿದರೆ ಮಾಮ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೆ, "ಭಾಳ ಚಲೋ ಹೇಳಿದಿ ಪ್ರೊಫೆಸರ್. ಹಿಂಗ ತಂಪಾಗಿ ನಿದ್ದಿ ಬಂದು ಭಾಳ ದಿನಾಗಿತ್ತು," ಎಂದರು. ಅಂದಿನಿಂದ ನಾನು ಪ್ರೊಫೆಸರ್. ಪ್ರೀತಿ ಬಂದಾಗ ಮಾತ್ರ ಅಳಿಯ.

ಸ್ಟಿಕ್ಕರ್ ಅಂಗಡಿಗಳು ಬಂದ ಮೇಲೆ ಕೈಬರಹ ಯಾರಿಗೂ ಬೇಡವಾಯಿತು. ಹೆಂಡತಿಯೂ ಹೋದ ಮೇಲೆ ಮಾಮ ತಮ್ಮ ಹುಟ್ಟೂರಿಗೆ ಮರಳಿದರು. ಗಾದಿಗನೂರು ದಾಟಿ, ರಸ್ತೆಗೆ ಹೊಂದಿಕೊಂಡೇ ಇರುವ ಊರು. ಅವರು ಬಣ್ಣ ಬಳಿದ ಲಾರಿಗಳೇ ಅದಿರು ತುಂಬಿಕೊಂಡು ಅವರ ಮನೆಯ ಮುಂದೆ ಹಾದುಹೋಗುತ್ತಿದ್ದವು. ನೀರಿನ ಕೊಡದ ಮೇಲೆ, ರೊಟ್ಟಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು. ಮಾಮನಿಗೆ ಆಗಲೇ ಸಕ್ಕರೆ ಕಾಯಿಲೆ, ಮೇಲೆ ಕೆಮ್ಮು.

ಅವರಿಗೆ ಒಬ್ಬಳೇ ಮಗಳು, ಕಂಪ್ಲಿಗೆ ಕೊಟ್ಟಿದ್ದಾರೆ. ಅವಳಿಗೆ ಎರಡು ಬಸಿರು ನಿಲ್ಲದೆ ಹೋದವು. ಮೂರನೆಯದು ನಿಂತಾಗ ಮಾಮ ಮೊಹರಮ್ಮಿಗೆ ಊರಿನಲ್ಲಿ ಕೂಡಿಸುವ ಪೀರಲ ದೇವರಿಗೆ ಹರಕೆ ಹೊತ್ತರು: ಮಗು ಉಳಿದರೆ ಐದು ವರ್ಷ ಮೊಹರಮ್ಮಿನಲ್ಲಿ ಫಕೀರ ಆಗುತ್ತೇನೆ. ನಮ್ಮ ಕಡೆ ಇದು ಹೊಸದಲ್ಲ. ಮೊಹರಂ ನಮ್ಮ ಹಳ್ಳಿಗಳಲ್ಲಿ ಎಲ್ಲರ ಹಬ್ಬ. ಹರಕೆ ಹೊತ್ತವರು, ಯಾವ ಜಾತಿಯವರೇ ಆಗಲಿ, ಕೊರಳಿಗೆ ಲಾಡಿ ಎನ್ನುವ ಬಣ್ಣದ ದಾರ ಕಟ್ಟಿಸಿಕೊಂಡು, ಮನೆ ಮನೆಗೆ ಹೋಗಿ ಭಿಕ್ಷೆ ಬೇಡುತ್ತಾರೆ. ಆ ದಿನಗಳಲ್ಲಿ ಮಂಚದ ಮೇಲೆ ಮಲಗುವ ಹಾಗಿಲ್ಲ, ಕಾಲಿಗೆ ಚಪ್ಪಲಿ ಹಾಕುವ ಹಾಗಿಲ್ಲ. ಚಪ್ಪಲಿ ಹಾಕಿದರೆ ಆ ವರ್ಷದ ಹರಕೆ ಲೆಕ್ಕಕ್ಕಿಲ್ಲ. ನನಗೂ ಚಿಕ್ಕಂದಿನಲ್ಲಿ ಲಾಡಿ ಕಟ್ಟಿಸಿದ್ದರಂತೆ. ಅದು ಅವ್ವನ ಹೇಳಿಕೆ.

ಹೆಣ್ಣು ಮಗು ಹುಟ್ಟಿತು, ಉಳಿಯಿತು. ಫೋಟೊದ ವರ್ಷ ಮಾಮನ ಹರಕೆಯ ಕೊನೆಯ ವರ್ಷ. ಹಬ್ಬದ ಕೊನೆಯ ದಿನ, ಸಂಜೆ ದೇವರು ಹೊಳೆಗೆ ಹೋಗಿ ಲಾಡಿ ಬಿಚ್ಚಿದರೆ ಮುಗಿಯಿತು. ಅವತ್ತು ಬೆಳಿಗ್ಗೆಯೇ ಊರಿನವರು ರಸ್ತೆಗೆ ಕೂತರು. ಲಾರಿಗಳನ್ನು ಊರ ಹೊರಗಿನಿಂದ ಬಿಡಿ ಎಂಬುದು ಅವರ ಕೂಗು. ಫಕೀರರ ಗುಂಪು ಆ ದಾರಿಯಲ್ಲೇ ಬಂತು. ಉಳಿದವರು ಮುಂದೆ ಹೋದರು, ಮಾಮ ನಿಂತರು.

ನಾನು ಆಗಲೂ ಈಗಲೂ ಸುದ್ದಿಗಳ ಸತ್ಯಾಸತ್ಯ ಪರಿಶೀಲಿಸುವ ಒಂದು ಸಣ್ಣ ಜಾಲತಾಣಕ್ಕೆ ಹೊಸಪೇಟೆಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಫೋಟೊ ಪರಿಶೀಲನೆಗೆ ನಮ್ಮಲ್ಲಿಗೆ ಬಂದಾಗ, ಇವರನ್ನು ನಾನು ಬಲ್ಲೆ ಎಂದೆ. ಬಲ್ಲೆ ಎನ್ನುವುದು ಪುರಾವೆಯಲ್ಲ, ಹೋಗಿ ದಾಖಲೆ ತೆಗೆದುಕೊಂಡು ಬಾ ಎಂದರು ಸಂಪಾದಕರು. ಅದು ಸರಿಯಾದ ಮಾತೇ. ಹೋದೆ.

ಮಾಮ ಬೇವಿನ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಅವರ ಗೆಳೆಯ, ಪೀರಲ ದೇವರನ್ನು ನೋಡಿಕೊಳ್ಳುವ ಮುಜಾವರ್ ಚಾಚಾ.

"ಬಾರಲೇ ಅಳಿಯಾ. ಪೊಲೀಸ್ರು ಬಂದು ಹೋದ್ರು, ಟೀವಿಯವ್ರು ಬಂದು ಹೋದ್ರು, ನೀನೊಬ್ಬ ಬಾಕಿ ಇದ್ದಿ."

"ಮಾಮ, ನೀವು ಯಾರು ಅಂತ ಖಾತ್ರಿ ಮಾಡ್ಕೋಬೇಕಾಗೇತ್ರಿ."

ಮಾಮ ಚಾಚಾನ ಕಡೆ ತಿರುಗಿದರು. "ಕೇಳಿದ್ಯೇನೋ? ಇವನ ಟ್ರಂಕಿಗೆ ಹೆಸರು ಬರದಾವ ನಾನು. ನಾನು ಯಾರಂತ ಈಗ ಇವ ಖಾತ್ರಿ ಮಾಡ್ತಾನಂತ."

"ಓದಿದವ್ರು ಹಂಗ," ಎಂದರು ಚಾಚಾ. "ಹೋದ ಸಲ ಬ್ಯಾಂಕಿನ್ಯಾಗ ನಾನು ಜೀವಂತ ಅದೀನಂತ ನನ್ನ ಕೈಲೇ ಬರಿಸ್ಕೊಂಡ್ರು. ಸತ್ತಿದ್ರ ಬರೀತಿದ್ನೇನು?"

ಇಬ್ಬರೂ ಕೆಮ್ಮುವವರೆಗೆ ನಕ್ಕರು. ನಾನು ಕ್ಯಾಮೆರಾ ಹೊಂದಿಸಿ ಒಂದೊಂದೇ ಕೇಳಿದೆ. ಕೈ ಎತ್ತಿದ್ದು ಪ್ರಾರ್ಥನೆಗೋ?

"ಧೂಳು ತೋರಸಾಕತ್ತಿದ್ದೆ. ಬಾನೆಟ್ ಮ್ಯಾಲೆ ಕೈ ಒರಸಿ, ನೋಡಪಾ, ಇದನ್ನ ನಾವು ಉಣ್ಣಾಕತ್ತೀವಿ ಅಂತ ಡ್ರೈವರಗ ತೋರಿಸ್ದೆ. ಪಾಪ, ಅವನ ಮಾರಿನೂ ಕೆಂಪಗ ಆಗಿತ್ತು. ಒಂದ್ ಮಾತು ಹೇಳ್ತೀನಿ, ಆ ಲಾರಿ ಹಣಿ ಮ್ಯಾಲಿನ ಹೂವು ನಂದ ಐತಲೇ. ಒಂಚೂರೂ ಮಾಸಿಲ್ಲ."

"ಮಾಮ, ನೀವು ಹಿಂದೂ ಅಂತ ಒಂದು ಮಾತು ಇಲ್ಲಿ ನೋಡಿ ಹೇಳಿಬಿಡ್ರಿ."

ಚಾಚಾ ಬೇರೆ ಕಡೆ ನೋಡುತ್ತ ಎಲೆ ಅಡಿಕೆಯ ಚೀಲ ಬಿಚ್ಚತೊಡಗಿದರು.

"ಈ ಊರಾವ ಅಂತ ಬರಕೋ," ಎಂದರು ಮಾಮ. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಅದನ್ನೇ ಅಂದರು. ನನಗೆ ಬೇಕಾದದ್ದು ಬೇರೆ ಕಾಗದಗಳಲ್ಲಿ ಸಿಕ್ಕಿತು.

ಹೊರಟಾಗ ರಸ್ತೆಯವರೆಗೆ ಕಳಿಸಲು ಬಂದರು. ಚಾಚಾನಿಗೆ ಕೇಳದಷ್ಟು ದೂರ ಬಂದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಹಿಂದೆ ಕೇಳಿರಲಿಲ್ಲ.

"ಪ್ರೊಫೆಸರ್, ನೀನು ಫೋಟೊ ಸಣ್ಣಗ ಮಾಡಿ ದೊಡ್ಡದು ಮಾಡಿ ನೋಡ್ತಿಯಲ್ಲ. ಅದ್ರಾಗ ನನ್ನ ಕಾಲಾಗ ಚಪ್ಲಿ ಅದಾವೇನು ನೋಡಿ ಹೇಳು."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಡಾಂಬರು ಕಾದು ಕಾಲು ಸುಡುತ್ತಿತ್ತು. ಯಾರೋ ಹುಡುಗರು, ಹಾಕ್ಕೊ ತಾತ ಎಂದು ಚಪ್ಪಲಿ ತಂದು ಮುಂದಿಟ್ಟರು. ಅಷ್ಟು ಗೊತ್ತು. ಸಿಟ್ಟಿನ ಭರದಲ್ಲಿ ಕಾಲು ಅದರೊಳಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಪೊಲೀಸರು ಎಳೆದುಕೊಂಡು ವ್ಯಾನಿಗೆ ಹತ್ತಿಸಿದಾಗಿನಿಂದ ಮತ್ತೆ ನೆನಪಿದೆ, ಬರಿಗಾಲು. ಲಾರಿಯ ಮುಂದೆ ನಿಂತ ಅಷ್ಟು ಹೊತ್ತು ಮಾತ್ರ ತಲೆಯಲ್ಲಿ ಖಾಲಿ.

"ಚಾಚಾನ್ನ ಕೇಳ್ರಿ ಮಾಮ, ಅವ್ರೂ ಅಲ್ಲೇ ಇದ್ರಲ್ಲ."

"ಅವ ಬರಿಗಾಲ ಇತ್ತು ಅಂತಾನ. ಹಾಕ್ಕೊಂಡಿದ್ರೂ ಅವ ಹಂಗ ಅಂತಾನ. ನನ್ನ ಕಾಲಿನ ಚಿಂತಿ ಅವಂಗ. ಚಪ್ಲಿ ಹಾಕ್ಕೊಂಡಿದ್ರ ಬರೂ ವರ್ಷ ಮತ್ತ ಫಕೀರ ಆಗಬೇಕು ಅಳಿಯಾ. ಕೂಸಿನ ಮ್ಯಾಲಿನ ಹರಕಿ. ಡಾಕ್ಟ್ರು ಮನಿಯೊಳಗೂ ಬರಿಗಾಲಾಗ ಅಡ್ಡಾಡಬ್ಯಾಡ ಅಂದಾನ. ನೀನು ನೋಡಿ ಹೇಳಿಬಿಡು, ನಂಬ್ತೀನಿ."

ಜನರ ಫೋನಿನಲ್ಲಿದ್ದ ಫೋಟೊ ಮೊಣಕಾಲಿಗೆ ನಿಂತಿತ್ತು. ಪೂರ್ತಿ ಚಿತ್ರ ಫೋಟೊಗ್ರಾಫರ್ ಹತ್ತಿರ ಇರುತ್ತದೆ, ತರಿಸಿ ನೋಡಿ ಹೇಳುತ್ತೇನೆ ಎಂದೆ. ಫೋಟೊಗ್ರಾಫರಿಗೆ ಅವತ್ತೇ ಕೇಳಿದೆ ಕೂಡ. ಆತ ಬೇರೆ ಊರಿನ ಕೆಲಸದಲ್ಲಿದ್ದ, ಹುಡುಕಿ ಕಳಿಸುತ್ತೇನೆ ಎಂದ.

ನನ್ನ ವರದಿ ಅದಕ್ಕೆ ಕಾಯಲಿಲ್ಲ. ಹೇಳಿಕೆ: ಈತ ಹೊರಗಿನಿಂದ ಬಂದ ಮುಸ್ಲಿಂ. ಸತ್ಯ: ಈತ ಇದೇ ಊರಿನ ಹಿಂದೂ, ಕೊರಳಿನ ದಾರ ಹರಕೆಯದು. ಮೇಲೆ ಕೆಂಪು ಮುದ್ರೆ: ಸುಳ್ಳು. ಸಾವಿರಾರು ಜನ ಹಂಚಿಕೊಂಡರು. ನನಗೆ ಅಭಿನಂದನೆಗಳು ಬಂದವು. ಮಾಮ ಅದನ್ನು ಯಾರ ಕೈಯಲ್ಲೋ ಓದಿಸಿಕೊಂಡು ಫೋನ್ ಮಾಡಿದರು.

"ಚಲೋ ಬರದೀಯಂತ. ಹಿಂದೂ ಅಂತ ಬರದಿ."

"ಹೌದ್ರಿ ಮಾಮ. ಈಗ ಯಾರೂ ಸೊಲ್ಲೆತ್ತಂಗಿಲ್ಲ."

"ಅಲ್ಲ, ನಾನು ಅದು ಆಗಿದ್ದಿಲ್ಲಂದ್ರ ಧೂಳು ಕುಡೀಬೇಕಿತ್ತೇನು?"

ನಾನು ಏನೋ ಹೇಳಲು ಹೋದೆ. ನಾವು ಪರಿಶೀಲಿಸುವುದು ಹೇಳಿಕೆಯನ್ನು ಮಾತ್ರ, ಅದು ನಿಜವೋ ಸುಳ್ಳೋ ಅಷ್ಟೇ, ಇತ್ಯಾದಿ. ಮಾಮ ಕೊನೆಯವರೆಗೆ ಕೇಳಿಸಿಕೊಂಡರು. ಹಂಪಿಯ ಮಂಟಪದಲ್ಲಿ ಮಾಡಿದ ಹಾಗೆ ನಿದ್ದೆ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮುಜಾವರ ಎರಡು ದಿನದಿಂದ ಮನಿ ಕಡೆ ಬಂದಿಲ್ಲ," ಎಂದರು. "ಹೋಗ್ಲಿ ಬಿಡು. ಕಾಲಿನ ಫೋಟೊ ಬಂತೇನು?"

ಬಂದಿರಲಿಲ್ಲ. ಆಮೇಲೂ ಮಾಮ ಆಗಾಗ ಫೋನ್ ಮಾಡಿದರು. ಚಾಚಾ ಮತ್ತೆ ಬರತೊಡಗಿದ್ದು ಹೇಳಿದರು. ಮೊಮ್ಮಗಳು ಮಾತಿಗೆ ಮಾತು ಎದುರಾಡುವುದನ್ನು ಕಲಿತದ್ದು ಹೇಳಿದರು. ಕೊನೆಗೆ ಅದೇ ಪ್ರಶ್ನೆ. ನಾನು, "ಕೇಳೀನಿ ಮಾಮ, ಬರ್ತೈತ್ರಿ," ಎನ್ನುತ್ತಿದ್ದೆ. ಬೇರೆ ಬೇರೆ ಸುಳ್ಳುಗಳು ದಿನವೂ ಬರುತ್ತಿದ್ದವು. ಯಾವುದೋ ಅಣೆಕಟ್ಟಿನ ವಿಡಿಯೊ ತೋರಿಸಿ ಟಿ.ಬಿ. ಡ್ಯಾಂ ಒಡೆಯಿತು ಎನ್ನುವವರು, ಎಲ್ಲಿಯದೋ ಕರಡಿಯನ್ನು ದರೋಜಿ ಕರಡಿಧಾಮದ್ದೆಂದು ತೋರಿಸುವವರು. ಅವುಗಳ ನಡುವೆ ಒಬ್ಬ ಮುದುಕ ಚಪ್ಪಲಿ ಹಾಕಿದ್ದನೋ ಇಲ್ಲವೋ ಎಂಬುದು ಯಾರೂ ಮಾಡದ ಹೇಳಿಕೆ. ಅದಕ್ಕೆ ನಮ್ಮಲ್ಲಿ ಮುದ್ರೆಯಿರಲಿಲ್ಲ.

ಮುಂದಿನ ಮೊಹರಮ್ಮಿಗೆ ಮಾಮ ಮತ್ತೆ ಲಾಡಿ ಕಟ್ಟಿಸಿಕೊಂಡರು. ಬರಿಗಾಲಲ್ಲಿ ಭಿಕ್ಷೆಗೆ ನಡೆದರು. ಅಂಗಾಲಿಗೆ ಏನು ಚುಚ್ಚಿತೆಂದು ಅವರಿಗೆ ಗೊತ್ತಾಗಲೇ ಇಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯುವುದಿಲ್ಲ. ಹಬ್ಬ ಮುಗಿದು ಎಷ್ಟೋ ದಿನದ ಮೇಲೆ ಜ್ವರ ಬಂತು. ಮಗಳು ಬಂದು ಪಾದ ತಿರುಗಿಸಿ ನೋಡಿದಳು, ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದಳು. ಬೆರಳು ತೆಗೆದರು. ಮನೆಗೆ ಕಳಿಸಿದರು, ಮತ್ತೆ ಸೇರಿಸಿಕೊಂಡರು. ಗಾಯ ಒಣಗಲಿಲ್ಲ. ಹೀಗೇ ತಿಂಗಳುಗಟ್ಟಲೆ ನಡೆದು ಕೊನೆಗೆ ನಂಜು ಮೈಗೇರಿತು.

ವಾರ್ಡಿನಲ್ಲಿ ಒಮ್ಮೆ ನೋಡಿದೆ. ಬ್ಯಾಂಡೇಜ್ ಸುತ್ತಿದ ಕಾಲನ್ನು ದಿಂಬಿನ ಮೇಲೆ ಇಟ್ಟಿದ್ದರು. ನರ್ಸು ತಂದಿಟ್ಟ ಚಾರ್ಟಿನ ಮೇಲಿನ ಕೈಬರಹವನ್ನು ಒಂದು ಕಣ್ಣು ಮುಚ್ಚಿ ನೋಡಿ, "ಇದನ್ನ ಬರದಾವಗ ಬ್ರಷ್ ಕೊಡಬಾರ್ದು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಫೋಟೊ?"

"ಬರ್ತೈತ್ರಿ ಮಾಮ."

"ಇರ್ಲಿ ಬಿಡು. ಹೆಂಗೂ ಮತ್ತೊಮ್ಮಿ ಫಕೀರ ಆಗೀನಲ್ಲ. ಹಾಕ್ಕೊಂಡಿದ್ರೂ ಚುಕ್ತಾ ಆತು."

ಈಗ ನನ್ನ ಹೇಳಿಕೆಗಳಿಗೆ ಬರುತ್ತೇನೆ. ಮಾಮ ಹೋದ ಸುದ್ದಿ ಬಂದ ದಿನ ನನಗೆ ಬಹಳ ಸ್ಪಷ್ಟವಾದ ಒಂದು ನೆನಪು ಬಂತು. ನಾನು ಟಿ.ಬಿ. ಡ್ಯಾಂ ಬಸ್ ನಿಲ್ದಾಣದಲ್ಲಿ ನಿಂತಿದ್ದೇನೆ, ಫೋನಿನಲ್ಲಿ, "ಮಾಮ, ಫೋಟೊ ನೋಡಿದೆ, ಬರಿಗಾಲೇ ಐತ್ರಿ," ಎನ್ನುತ್ತಿದ್ದೇನೆ, ಆ ಕಡೆಯಿಂದ ಮಾಮ ನಗುತ್ತಾರೆ. ಬಸ್ಸಿನ ಗದ್ದಲವೂ ಕೇಳಿಸುತ್ತದೆ. ಇಡೀ ದಿನ ಆ ನೆನಪನ್ನು ಎದೆಗವಚಿಕೊಂಡೆ. ರಾತ್ರಿ ಆಗುವ ಹೊತ್ತಿಗೆ ಅದು ಪರೀಕ್ಷೆಗೆ ನಿಲ್ಲಲಿಲ್ಲ. ನಾನು ಹಾಗೆ ಹೇಳಿದ್ದರೆ ಮಾಮ ಮತ್ತೆ ನಡೆಯುತ್ತಿರಲಿಲ್ಲ. ವಾರ್ಡಿನಲ್ಲಿ ಫೋಟೊ ಕೇಳುತ್ತಿರಲಿಲ್ಲ. ನನಗೆ ಬೇಕಾಗಿದ್ದ ನೆನಪನ್ನು ನನ್ನ ತಲೆ ಬಣ್ಣ ಕಲಸಿ ಬರೆದುಕೊಟ್ಟಿತ್ತು.

ಫೋಟೊಗ್ರಾಫರಿಗೆ ಫೋನ್ ಮಾಡಿದೆ. ಆತ ಬೇಸರದಿಂದ, "ಹೋದ ವರ್ಷನೇ ಕಳಿಸಿದ್ನಲ್ಲ ಸರ್," ಎಂದ. ಹುಡುಕಿದೆ. ನಿಜ, ಕಳಿಸಿದ್ದ, ಮಾಮ ಆರನೆಯ ಸಲ ಲಾಡಿ ಕಟ್ಟಿಸಿಕೊಳ್ಳು‌ವುದಕ್ಕಿಂತ ಮುಂಚೆಯೇ. ಅವನ ಸಂದೇಶದ ಕೆಳಗೆ ನಾನು ಹೆಬ್ಬೆರಳ ಗುರುತನ್ನೂ ಒತ್ತಿದ್ದೇನೆ. ಚಿತ್ರ ನನ್ನ ಫೋನಿನಲ್ಲಿ ಇಳಿದು ಕೂತಿದೆ. ತೆರೆದು ನೋಡಿದ್ದೆನೇ? ನೋಡಿ, ವರದಿ ಮುಗಿದ ಕತೆ ಎಂದು ಮರೆತೆನೇ? ಆಣೆ ಮಾಡಿ ಹೇಳಲಾರೆ. ವಾರ್ಡಿನಲ್ಲಿ ಬರುತ್ತದೆ ಎಂದಾಗ ಅದು ನನ್ನ ಜೇಬಿನಲ್ಲೇ ಇತ್ತು.

ಪೂರ್ತಿ ಚಿತ್ರದಲ್ಲಿ ಎಲ್ಲವೂ ಇದೆ. ಪಕ್ಕದಲ್ಲಿ ಮಾಮನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿರುವ ಮುಜಾವರ್ ಚಾಚಾ ಇದ್ದಾರೆ. ಪತ್ರಿಕೆಯವರು ಅವರನ್ನು ಕತ್ತರಿಸಿದ್ದರು, ನನ್ನ ವರದಿಯಲ್ಲೂ ಅವರಿರಲಿಲ್ಲ. ಕೆಳಗೆ ಡಾಂಬರಿನ ಮೇಲೆ ಮಾಮನ ಎರಡು ಪಾದ. ಬರಿಗಾಲು. ಅವುಗಳ ಮುಂದೆ, ಒಂದು ಗೇಣು ಆಚೆ, ಯಾರೋ ತಂದು ಜೋಡಿಸಿಟ್ಟ ನೀಲಿ ಪಟ್ಟಿಯ ಚಪ್ಪಲಿ, ಖಾಲಿ.

ಹರಕೆ ಐದನೆಯ ವರ್ಷಕ್ಕೇ ತೀರಿತ್ತು. ಆರನೆಯ ಸಲ ಮಾಮ ಸುಮ್ಮನೆ ನಡೆದರು. ಆ ನಡಿಗೆಯಿಂದಲೇ ಸತ್ತರು ಎಂದು ಸಾಬೀತು ಮಾಡಲಾಗದು. ಸಕ್ಕರೆ ಕಾಯಿಲೆ ಹಳೆಯದು, ಗಾಯ ಮನೆಯ ಅಂಗಳದಲ್ಲೂ ಆಗಬಹುದಿತ್ತು, ವೈದ್ಯರು ಹಾಗೆ ಬರೆದುಕೊಡುವುದಿಲ್ಲ. ಈ ವಾದವನ್ನು ನಾನು ಬೇರೆಯವರ ಪರವಾಗಿ ಮಾಡಿದ್ದರೆ ಗೆಲ್ಲುತ್ತಿದ್ದೆ.

ಕಂಪ್ಲಿಗೆ ಹೋದೆ. ಮಗಳು ಬಾಗಿಲಲ್ಲೇ ಕಂಡು ಅತ್ತಳು. "ಬಾ ಅಣ್ಣ, ಒಳಗ ಬಾ. ಕುಂದ್ರು. ಅಪ್ಪ ಕಡೀತನಕ ನಿನ್ನ ಹೆಸರು ತಗೀತಿದ್ದ. ನಮ್ಮ ಪ್ರೊಫೆಸರ್ ಇಲ್ದಿದ್ರ ನನ್ನ ಊರು ಬಿಡಸ್ತಿದ್ರು ಅಂತಿದ್ದ." ನೀರು ಕೊಟ್ಟಳು. ಗದ್ದೆಗೆ ಹೋದ ಗಂಡ ಇನ್ನೂ ಬಂದಿಲ್ಲ, ಕೂಸು ಅಂಗನವಾಡಿಗೆ ಹೋಗಿದೆ ಎಂದಳು. ಏನೇನೋ ಮಾತಾಡಿದೆವು. ಕೊನೆಗೆ ಅವಳೇ ತೆಗೆದಳು.

"ನಾನು ಭಾಳ ಬೈದೆ ಅಣ್ಣ ಅಪ್ಪಗ. ಹರಕಿ ಮುಗದೈತಿ, ಮತ್ತ ಯಾಕ ಹೊಂಟಿ ಅಂತ. ಈಗ ಅನಸ್ತೈತಿ, ಚಪ್ಲಿ ಹಾಕ್ಕೊಂಡಿರಬೇಕು, ಅದಕ್ಕ ದೇವರು ಇನ್ನೊಮ್ಮಿ ನಡಸ್ಕೊಂಡ. ಹಂಗ ಅಂದ್ಕೊಂಡ್ರ ಒಂಚೂರು ಸಮಾಧಾನ. ಅಲ್ಲೇನಣ್ಣ?"

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎನ್ನುವುದು ಅವಳಿಗೂ ಒಳ್ಳೆಯದಿತ್ತು, ನನಗೂ ಒಳ್ಳೆಯದಿತ್ತು. ನನಗೆ ಒಳ್ಳೆಯದು ಎಂಬುದು ಅಷ್ಟು ಚೆನ್ನಾಗಿ ಗೊತ್ತಿದ್ದುದರಿಂದ ಹೇಳಲು ಬಾಯಿ ಬರಲಿಲ್ಲ.

"ಆ ಫೋಟೊ ಬಂದೈತವ್ವ," ಎಂದೆ.

ಫೋನ್ ತೆಗೆದುಕೊಂಡಳು. ಮೊದಲು ಅಪ್ಪನ ಮುಖ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ಸರಿಸಿದಳು. ಪಾದದ ಹತ್ತಿರ ಬೆರಳು ನಿಂತಿತು. ಚಪ್ಪಲಿಯನ್ನು ನೋಡಿದಳು, ಮತ್ತೆ ಪಾದ ನೋಡಿದಳು.

"ಇದು ಯಾವಾಗ ಬಂತು?"

ಮೊನ್ನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ, ನಾನು ನೋಡಿದ್ದು ಮೊನ್ನೆಯೇ ಇರಬಹುದು.

"ಹೋದ ವರ್ಷ. ಮೊಹರಂಕಿಂತ ಮೊದಲ."

ಫೋನಿನ ಗಾಜಿನ ಮೇಲೆ ಅವಳ ಕೈಯ ಒದ್ದೆ ತಾಗಿತ್ತು. ಅದನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು.

"ಕೈ ತೊಳಕೊಳ್ರಿ," ಎಂದಳು ಒಳಗಿನಿಂದ.

"ಬ್ಯಾಡವ್ವ, ಬಸ್ಸಿಗೆ ಹೊತ್ತಾತು."

"ಅಪ್ಪನ ಸಲುವಾಗಿ ಬಂದೀರಿ. ಉಣ್ಣದ ಹೋಗಬಾರ್ದು."

ತಟ್ಟೆ ಇಟ್ಟಳು. ಅನ್ನ, ಬೇಳೆ ಸಾರು, ಅಂಚಿನಲ್ಲಿ ಒಂದಿಷ್ಟು ಉಪ್ಪಿನಕಾಯಿ. ನಾನು ತಲೆ ತಗ್ಗಿಸಿ ಉಂಡೆ. ಅವಳು ಗೋಡೆಗೆ ಆತು ನಿಂತಿದ್ದಳು. ಅನ್ನ ಮುಗಿಯುವ ಮುಂಚೆಯೇ ಮತ್ತೆ ಬಡಿಸಿದಳು, ಸಾರು ತಣ್ಣಗಾಗಿದೆಯೇನೋ ಎಂದು ಬಿಸಿ ಮಾಡಿ ತಂದಳು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ.

"ಇನ್ನೊಂದೀಟು ಹಾಕ್ಲೇನ್ರಿ?"

"ಸಾಕವ್ವ."

"ಮಜ್ಜಿಗಿ ತಗೊಳ್ರಿ."

ಬಂದಾಗಿನಿಂದ ಮಾತಿಗೊಮ್ಮೆ ಅಣ್ಣ ಎನ್ನುತ್ತಿದ್ದವಳು, ನಾನು ಕೈ ತೊಳೆದು, ಚಪ್ಪಲಿ ಮೆಟ್ಟಿ, ಅಂಗಳ ದಾಟುವವರೆಗೂ ಇನ್ನೊಮ್ಮೆ ಹಾಗೆ ಕರೆಯಲಿಲ್ಲ.